ಸಾಗವಾನಿ ಖಾನೆ ಕಪಾಟು: ಸವೆದ ಭಾಗಗಳ ದುರಸ್ತಿ ಮತ್ತು ನಿರ್ವಹಣೆ

ಮುಳಗುಂದ: ಮಳೆಗಾಲ ಬಂತೆಂದರೆ ಹಳೆಯ ಕಪಾಟಿನ ಖಾನೆ ಎಳೆದರೆ ಬಾರದು, ತಳ್ಳಿದರೆ ಹೋಗದು. ಗದಗ ಸೀಮೆಯ ಹಲವು ಮನೆಗಳಿಗೆ ಇದು ಪ್ರತಿವರ್ಷದ ಅನುಭವ. ಹೊಲದ ಉತಾರ, ಖರೀದಿ ಪತ್ರ, ಮಕ್ಕಳ ಶಾಲಾ ದಾಖಲೆ, ಮದುವೆಯ ಸೀರೆ ಎಲ್ಲವೂ ಸಿಲುಕಿಕೊಂಡ ಆ ಒಂದು ಖಾನೆಯೊಳಗೇ ಇರುತ್ತವೆ. ಬಲವಂತವಾಗಿ ಎಳೆದಾಗ ಗುಬ್ಬಿ ಕಿತ್ತು ಕೈಗೆ ಬರುತ್ತದೆ ಅಥವಾ ಮುಖಹಲಗೆಯೇ ಬಿಟ್ಟುಕೊಳ್ಳುತ್ತದೆ. ಇನ್ನು ಇದರಿಂದ ಉಪಯೋಗವಿಲ್ಲವೆಂದು ಬಗೆದು, ಎರಡು ತಲೆಮಾರು ಬಾಳಿದ ಸಾಗವಾನಿ ಕಪಾಟನ್ನು ಹಳೆಯ ಮರದ ಬೆಲೆಗೆ ಮಾರಿ, ಒತ್ತುಹಲಗೆಯ ಹೊಸ ಕಪಾಟು ತರುವವರು ಕಡಿಮೆಯೇನಿಲ್ಲ.

ಆದರೆ ಇಂಥ ಕಪಾಟುಗಳಲ್ಲಿ ಬಹುಪಾಲಿಗೆ ಆಯುಷ್ಯ ಮುಗಿದಿರುವುದಿಲ್ಲ. ಸವೆದಿರುವುದು ಬೆರಳಗಲದ ಒಂದೆರಡು ಪಟ್ಟಿಗಳು ಮಾತ್ರ. ನೇಗಿಲಿನ ಗುಳ ಸವೆದರೆ ರೈತ ಗುಳವನ್ನು ಬದಲಿಸುತ್ತಾನೆಯೇ ಹೊರತು ನೇಗಿಲನ್ನು ಎಸೆಯುವುದಿಲ್ಲ. ಖಾನೆ ಕಪಾಟಿನ ರಚನೆಯಲ್ಲಿಯೂ ಸವೆಯಲೆಂದೇ ಇರುವ, ಬದಲಿಸಲೆಂದೇ ಇರುವ ಭಾಗಗಳಿವೆ. ಅವು ಯಾವುವು, ಅವನ್ನು ಯಾವ ಕಾಲದಲ್ಲಿ ಹೇಗೆ ಸರಿಪಡಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಊರು, ಹವೆ ಮತ್ತು ಮರ

ಗದಗ ಮತ್ತು ಲಕ್ಷ್ಮೇಶ್ವರಗಳ ನಡುವೆ ಇರುವ ಮುಳಗುಂದವು ಕ್ರಿ.ಶ. 902ರ ರಾಷ್ಟ್ರಕೂಟ ಶಾಸನದಿಂದಲೂ, ಕ್ರಿ.ಶ. 1112ರ ಸುಮಾರಿನಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನಿಂದಲೂ ಹೆಸರಾದ ಊರು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಗದಗ ಜಿಲ್ಲೆಗೆ ಇದು ಸೇರಿದೆ. ಸುತ್ತಲಿನದು ಎರೆಭೂಮಿ. ದೊಡ್ಡ ಮರದ ಕಾಡು ಹತ್ತಿರದಲ್ಲಿಲ್ಲ. ಬಂಡಿ, ಕುಂಟೆ, ಕೂರಿಗೆಗಳಿಗೆ ಜಾಲಿ ಮತ್ತು ಬೇವು ಊರಲ್ಲಿಯೇ ದೊರೆಯುತ್ತಿದ್ದವು. ಕಪಾಟು, ಬಾಗಿಲು, ತೊಟ್ಟಿಲುಗಳಿಗೆ ಬೇಕಾದ ಸಾಗವಾನಿಗಾಗಿ ಪಶ್ಚಿಮದ ದಾಂಡೇಲಿ, ಹಳಿಯಾಳ ಭಾಗದ ಕಾಡುಗಳ ಕಡೆಗೆ ನೋಡಬೇಕಾಗಿತ್ತು. ದೂರದಿಂದ ತಂದ ಬೆಲೆಯುಳ್ಳ ಮರವಾದ್ದರಿಂದ ಅದನ್ನು ಕೆಡಿಸದೆ ದುರಸ್ತಿ ಮಾಡಿಕೊಳ್ಳುವುದು ಬಡಿಗರ ಕಸುಬಿನ ಭಾಗವೇ ಆಗಿತ್ತು.

ಇಲ್ಲಿಯ ಹವೆಯನ್ನು ಅರಿಯದೆ ಇಲ್ಲಿಯ ಮರವನ್ನು ದುರಸ್ತಿ ಮಾಡಲಾಗದು. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಆಸುಪಾಸಿನಲ್ಲಿದ್ದು, ಅದರ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿಯುತ್ತದೆ. ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿನಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರ ಅದನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಏರಿಳಿತ ಹಲಗೆಯ ಅಗಲದಲ್ಲಿ ಮಾತ್ರ ಎದ್ದು ಕಾಣುತ್ತದೆ. ಎಳೆಯ ಉದ್ದಕ್ಕೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮರಗಳಲ್ಲಿ ಸಾಗವಾನಿಯದು ಸ್ಥಿರ ಸ್ವಭಾವ. ಆದರೂ 30 ಸೆಂ.ಮೀ. ಅಗಲದ ಸಾಗವಾನಿ ಹಲಗೆಯ ತೇವಾಂಶ ಶೇಕಡಾ 4ರಷ್ಟು ಏರಿದರೆ, ಹಲಗೆಯನ್ನು ಸೀಳಿದ ಬಗೆಯನ್ನು ಅನುಸರಿಸಿ, ಅದರ ಅಗಲ ಸುಮಾರು 1ರಿಂದ 2 ಮಿ.ಮೀ.ನಷ್ಟು ಹೆಚ್ಚುತ್ತದೆ. ಖಾನೆಯೊಂದನ್ನು ಬಿಗಿ ಹಿಡಿಯಲು ಇಷ್ಟು ಸಾಕು.

ಖಾನೆಯ ಅಂಗಗಳು

ಒಂದು ಖಾನೆಗೆ ಐದು ಹಲಗೆಗಳಿರುತ್ತವೆ: ಮುಖಹಲಗೆ, ಎರಡು ಬದಿಹಲಗೆ, ಹಿಂಬದಿ ಹಲಗೆ ಮತ್ತು ತಳಹಲಗೆ. ಮುಖಹಲಗೆ ಮತ್ತು ಬದಿಹಲಗೆಗಳು ಕೂಡುವ ಮೂಲೆಯಲ್ಲಿ ಪಾರಿವಾಳದ ಬಾಲದ ಆಕಾರದ ಹಲ್ಲುಗಳನ್ನು ಕೊರೆದು ಒಂದರೊಳಗೊಂದು ಕೂಡಿಸಲಾಗಿರುತ್ತದೆ. ಡವ್‌ಟೇಲ್ ಎಂದು ಕರೆಯುವ ಜೋಡಣೆ ಇದೇ. ತಳಹಲಗೆಯು ಬದಿಹಲಗೆಗಳ ಒಳಮೈಯ ತೋಡಿನಲ್ಲಿ ಸಡಿಲವಾಗಿ ಕೂಡುತ್ತದೆ. ಅದಕ್ಕೆ ಅಂಟು ಹಾಕುವ ಪದ್ಧತಿಯಿಲ್ಲ.

ಕಪಾಟಿನ ಒಳಗೆ, ಖಾನೆಯ ಎರಡೂ ಬದಿಗೆ ಮುಂದಿನಿಂದ ಹಿಂದಕ್ಕೆ ಹೋಗುವ ಪಟ್ಟಿಗಳ ಮೇಲೆ ಬದಿಹಲಗೆಗಳ ಕೆಳ ಅಂಚು ಜಾರುತ್ತದೆ. ಇವೇ ರನ್ನರ್ ಅಥವಾ ಜಾರುಪಟ್ಟಿಗಳು. ಖಾನೆಗಳ ನಡುವೆ ಮುಂಭಾಗದಲ್ಲಿ ಕಾಣುವುದು ಅಡ್ಡಪಟ್ಟಿ. ಖಾನೆ ಹೆಚ್ಚು ಒಳಕ್ಕೆ ಹೋಗದಂತೆ ಅಡ್ಡಪಟ್ಟಿಯ ಹಿಂದೆ ಸಣ್ಣ ತಡೆತುಂಡುಗಳಿರುತ್ತವೆ.

ಖಾನೆಯನ್ನು ಹೊರಕ್ಕೆ ಎಳೆದಷ್ಟೂ ಭಾರವೆಲ್ಲ ಜಾರುಪಟ್ಟಿಯ ಮುಂತುದಿಯ ಮೇಲೆಯೂ, ಬದಿಹಲಗೆಯ ಹಿಂಭಾಗದ ಮೇಲೆಯೂ ಬೀಳುತ್ತದೆ. ಆದ್ದರಿಂದ ಜಾರುಪಟ್ಟಿ ಮುಂದಿನ ಕಡೆ ಹೆಚ್ಚು ಸವೆದರೆ, ಬದಿಹಲಗೆಯ ಅಂಚು ಹಿಂದಿನ ಕಡೆ ಹೆಚ್ಚು ಸವೆಯುತ್ತದೆ. ಭಾರವಾದ ಪಾತ್ರೆ, ಪುಸ್ತಕಗಳನ್ನು ತುಂಬಿದ ಖಾನೆಯಲ್ಲಿ ಈ ಸವೆತ ಬೇಗ ಕಾಣಿಸಿಕೊಳ್ಳುತ್ತದೆ.

ಮೊದಲು ಪರೀಕ್ಷೆ: ಉಬ್ಬೋ, ಸವೆತವೋ?

ದುರಸ್ತಿಯಲ್ಲಿ ನಡೆಯುವ ದೊಡ್ಡ ತಪ್ಪು ಇಲ್ಲಿಯದೇ. ಶ್ರಾವಣದಲ್ಲಿ ಬಿಗಿಯಾದ ಖಾನೆಯನ್ನು ರಂಧ ಹೊಡೆದು ತೆಳುವಾಗಿಸಿದರೆ, ಅದೇ ಖಾನೆ ಚೈತ್ರದಲ್ಲಿ ಗಡಗಡ ಅಲುಗಾಡುತ್ತದೆ. ಕೆತ್ತಿ ತೆಗೆದ ಮರವನ್ನು ಮತ್ತೆ ಕೂಡಿಸಲಾಗದು. ಆದ್ದರಿಂದ ಮೊದಲು ಕಾರಣವನ್ನು ನಿರ್ಧರಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಮಾತ್ರ ಬಿಗಿಯಾಗಿ, ಬೇಸಿಗೆಯಲ್ಲಿ ಸಲೀಸಾಗಿ ಓಡಿದರೆ ಅದು ಉಬ್ಬು. ಆಗ ಬದಿಹಲಗೆಯ ಮೇಲಂಚಿನಲ್ಲಿ ಅಥವಾ ಮುಖಹಲಗೆಯ ಅಂಚಿನಲ್ಲಿ ಉಜ್ಜಿ ಹೊಳಪಾದ ಗುರುತು ಕಾಣುತ್ತದೆ. ವರ್ಷವಿಡೀ ತೊಂದರೆ ಕೊಡುತ್ತಿದ್ದು, ಮುಚ್ಚಿದಾಗ ಮುಖಹಲಗೆ ಕೆಳಕ್ಕೆ ಜಗ್ಗಿ ಮೇಲ್ಗಡೆ ಸಂದು ಕಾಣುತ್ತಿದ್ದರೆ, ಅಡ್ಡಪಟ್ಟಿಯ ಮೇಲೆ ಉಜ್ಜಿದ ಗೆರೆ ಬಿದ್ದಿದ್ದರೆ, ಅದು ಸವೆತ.

ಮೂರನೆಯ ಕಾರಣವೊಂದು ಅನೇಕರ ಗಮನಕ್ಕೆ ಬರುವುದಿಲ್ಲ. ಅದು ನೆಲದ ಏರುತಗ್ಗು. ಕಲ್ಲು ಹಾಸಿದ ಅಥವಾ ಮಣ್ಣಿನ ನೆಲದ ಮೇಲೆ ಒಂದು ಕಾಲು ಎತ್ತರದಲ್ಲಿದ್ದರೆ ಇಡೀ ಕಪಾಟು ಓರೆಯಾಗಿ ಎಲ್ಲ ಖಾನೆಗಳೂ ಒಂದೇ ಕಡೆ ಹಿಡಿಯುತ್ತವೆ. ಕಪಾಟಿನ ಮುಖದ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಎರಡೂ ಸಮವಿದ್ದರೆ ಚೌಕಟ್ಟು ನೇರವಾಗಿದೆ. ವ್ಯತ್ಯಾಸವಿದ್ದರೆ ತಗ್ಗಾದ ಕಾಲಿನ ಕೆಳಗೆ ತೆಳು ಮರದ ಬೆಣೆಯಿಟ್ಟು ಮತ್ತೆ ಅಳೆದು ನೋಡಬೇಕು. ಬೆಣೆಯೊಂದರಿಂದಲೇ ಖಾನೆಗಳು ಓಡತೊಡಗುವುದುಂಟು.

ಪರೀಕ್ಷೆಗೆ ಎಲ್ಲ ಖಾನೆಗಳನ್ನೂ ಹೊರತೆಗೆದು, ಮೇಲಿನಿಂದ ಕೆಳಕ್ಕೆ 1, 2, 3 ಎಂದು ತಳದಲ್ಲಿ ಸೀಮೆಸುಣ್ಣದಿಂದ ಬರೆದಿಡಬೇಕು. ಕೈಕೆಲಸದ ಕಪಾಟಿನಲ್ಲಿ ಒಂದು ಖಾನೆ ಇನ್ನೊಂದರ ಜಾಗಕ್ಕೆ ಸರಿಹೊಂದುವುದಿಲ್ಲ.

ಉಬ್ಬಿದ ಖಾನೆಗೆ ಉಪಚಾರ

ಉಬ್ಬಿದ ಖಾನೆಗೆ ತಾಳ್ಮೆಯೇ ಮೊದಲ ಮದ್ದು. ಒಳಗಿನ ಭಾರ ಇಳಿಸಿ, ಅಂಚುಗಳ ಧೂಳು ಒರೆಸಿ, ಬದಿಹಲಗೆಯ ಕೆಳ ಮತ್ತು ಮೇಲಂಚಿಗೆ, ಜಾರುಪಟ್ಟಿಗೆ ಮೇಣದ ಬತ್ತಿಯನ್ನು ಒತ್ತಿ ಉಜ್ಜಬೇಕು. ಜೇನುಮೇಣವಾದರೂ ಸರಿ. ಎಣ್ಣೆ ಸವರುವ ರೂಢಿ ಹಲವೆಡೆ ಇದ್ದರೂ ಅದು ಸರಿಯಲ್ಲ. ಎಣ್ಣೆಯು ಧೂಳನ್ನು ಹಿಡಿದು ಕೆಲವೇ ತಿಂಗಳಲ್ಲಿ ಅಂಟಂಟಾಗುತ್ತದೆ. ಮುಂದೆ ಅಲ್ಲಿ ಅಂಟು ಹಾಕಬೇಕಾಗಿ ಬಂದರೆ ಹಿಡಿಯುವುದಿಲ್ಲ. ಸಾಬೂನು ತೇವವನ್ನು ಸೆಳೆಯುತ್ತದೆ.

ಖಾನೆ ಪೂರ್ತಿ ಸಿಲುಕಿದ್ದರೆ ಗುಬ್ಬಿ ಹಿಡಿದು ಜಗ್ಗಬಾರದು. ಅದರ ಮೇಲಿನ ಖಾನೆಯನ್ನು ಹೊರತೆಗೆದು, ಆ ತೆರಪಿನಿಂದ ಕೈಹಾಕಿ ಒಳಗಿನ ಸಾಮಾನು ತೆಗೆದು, ಹಿಂಬದಿ ಹಲಗೆಯನ್ನು ಎಡಬಲಗಳಲ್ಲಿ ಸರದಿಯಂತೆ ಮುಂದಕ್ಕೆ ತಳ್ಳಬೇಕು. ನಡುವೆ ಹಲಗೆ ಅಡ್ಡ ಬಂದರೆ ಕಪಾಟಿನ ಬೆನ್ನುಹಲಗೆಯನ್ನು ಬಿಚ್ಚುವುದು ಮೇಲು.

ಪ್ರತಿವರ್ಷವೂ ಇದೇ ತೊಂದರೆಯಾದರೆ ಮಳೆಗಾಲದಲ್ಲಿಯೇ ಉಜ್ಜುವ ಜಾಗವನ್ನು ಸೀಸದಕಡ್ಡಿಯಿಂದ ಗುರುತಿಸಿ, ದೀಪಾವಳಿಯ ನಂತರ ಮರ ಒಣಗಿದಾಗ ಗುರುತಿದ್ದ ಕಡೆ ಮಾತ್ರ ರಂಧದಿಂದ ಒಂದೆರಡು ತೆಳು ಸಿಪ್ಪೆ ತೆಗೆಯಬೇಕು. ಬೇಸಿಗೆಯಲ್ಲಿ ಖಾನೆಯ ಮೇಲ್ಗಡೆ 1.5ರಿಂದ 2 ಮಿ.ಮೀ. ಸಂದು ಇದ್ದರೆ ಮಳೆಗಾಲದ ಉಬ್ಬಿಗೆ ಅವಕಾಶವಾಗುತ್ತದೆ.

ಸವೆದ ಜಾರುಪಟ್ಟಿ

ಜಾರುಪಟ್ಟಿಯನ್ನು ಬಿಚ್ಚಿ ನೋಡಿದಾಗ ಮೇಲ್ಮೈಯಲ್ಲಿ ಬದಿಹಲಗೆಯ ದಪ್ಪದಷ್ಟು ಅಗಲದ ಗುಳಿ ಬಿದ್ದಿರುವುದು ಕಾಣುತ್ತದೆ. ಅನೇಕ ಸಲ ಪಟ್ಟಿಯನ್ನು ಕೆಳಮೇಲಾಗಿ ತಿರುಗಿಸಿ ಕೂಡಿಸಿದರೆ ಸವೆಯದ ಮುಖ ಮೇಲೆ ಬಂದು ಕೆಲಸ ಮುಗಿಯುತ್ತದೆ. ಹೊಸ ಮರವೂ ಬೇಕಾಗದು.

ಎರಡೂ ಮುಖ ಕೆಟ್ಟಿದ್ದರೆ ಅದೇ ಅಳತೆಯ ಹೊಸ ಪಟ್ಟಿ ಮಾಡಿಸಬೇಕು. ಎಳೆ ನೇರವಾಗಿ ಉದ್ದಕ್ಕೆ ಹರಿದ, ಗಂಟಿಲ್ಲದ, ಚೆನ್ನಾಗಿ ಒಣಗಿದ ಸಾಗವಾನಿ ಇದಕ್ಕೆ ತಕ್ಕುದು. ಗಟ್ಟಿಯಿದ್ದಷ್ಟೂ ಒಳ್ಳೆಯದೆಂದು ಬಹಳ ಕಠಿಣ ಮರವನ್ನು ಹಾಕಿಸುವುದು ಜಾಣತನವಲ್ಲ. ಕಠಿಣವಾದ ಪಟ್ಟಿ ತಾನು ಸವೆಯದೆ ಖಾನೆಯ ಬದಿಹಲಗೆಯನ್ನು ಸವೆಸುತ್ತದೆ. ಸುಲಭವಾಗಿ ಬದಲಿಸಬಹುದಾದ ಭಾಗವೇ ಸವೆಯಬೇಕು, ಬದಲಿಸಲು ಕಷ್ಟವಾದ ಭಾಗ ಉಳಿಯಬೇಕು.

ಕಪಾಟಿನ ಬದಿಯು ಒಂದೇ ಅಗಲ ಹಲಗೆಯದಾಗಿದ್ದರೆ ಪಟ್ಟಿಯನ್ನು ಉದ್ದಕ್ಕೂ ಅಂಟಿಸಬಾರದು. ಆ ಹಲಗೆಯು ಮುಂದೆ-ಹಿಂದೆ ಉಬ್ಬಿ ಕುಗ್ಗುತ್ತದೆ, ಪಟ್ಟಿ ತನ್ನ ಉದ್ದದಲ್ಲಿ ಹಾಗೆ ಮಾಡದು. ಎರಡನ್ನೂ ಬಿಗಿದು ಕಟ್ಟಿದರೆ ಅಗಲ ಹಲಗೆ ಸೀಳುತ್ತದೆ. ಮುಂತುದಿಗೆ ಮಾತ್ರ ಅಂಟು ಹಾಕಿ, ಹಿಂತುದಿಗೆ ಉದ್ದನೆಯ ತೂತಿನಲ್ಲಿ ತಿರುಪುಮೊಳೆ ಹಾಕಿದರೆ ಮರಕ್ಕೆ ಸರಿದಾಡಲು ಜಾಗವಿರುತ್ತದೆ. ಮೊಳೆಯ ತಲೆ ಮರದೊಳಗೆ ಮುಳುಗಿರಬೇಕು. ಇಲ್ಲವಾದರೆ ಖಾನೆಯ ಅಂಚನ್ನು ಕೆರೆಯುತ್ತದೆ.

ಸವೆದ ಬದಿಹಲಗೆ

ಬದಿಹಲಗೆಯ ಕೆಳ ಅಂಚು ಹಿಂದಕ್ಕೆ ಇಳಿಜಾರಾಗಿ ಸವೆದಿದ್ದರೆ ಕಳೆದುಹೋದಷ್ಟು ಮರವನ್ನು ಹೊಸದಾಗಿ ಕೂಡಿಸಬೇಕು. ಕ್ರಮ ಹೀಗಿದೆ:

1. ಸವೆತದ ಅತ್ಯಂತ ಆಳದ ಬಿಂದುವನ್ನು ಗುರುತಿಸಿ, ಅದರ ಮಟ್ಟಕ್ಕೆ ಅಂಚಿನುದ್ದಕ್ಕೂ ನೇರ ಗೆರೆ ಎಳೆಯಬೇಕು. ಗೆರೆಯು ತಳಹಲಗೆಯ ತೋಡಿಗೆ ತಾಗಬಾರದು.

2. ಗೆರೆಯವರೆಗೆ ರಂಧ ಹೊಡೆದು ಅಂಚನ್ನು ಸಮತಟ್ಟಾಗಿಸಬೇಕು. ಮುಖಹಲಗೆಯ ಹತ್ತಿರ ರಂಧ ಹೋಗದಿದ್ದಲ್ಲಿ ಉಳಿ ಬಳಸಬೇಕು.

3. ಅದೇ ಜಾತಿಯ ಮರದಿಂದ, ಎಳೆ ಉದ್ದಕ್ಕೆ ಇರುವಂತೆ, ಬೇಕಾದುದಕ್ಕಿಂತ 1 ಮಿ.ಮೀ. ಹೆಚ್ಚು ಎತ್ತರದ ಪಟ್ಟಿ ಸಿದ್ಧಪಡಿಸಬೇಕು.

4. ಸಾಗವಾನಿಯಲ್ಲಿ ಸಹಜವಾದ ಎಣ್ಣೆಯಂಶವಿದೆ. ಹೊಸದಾಗಿ ಹೆರೆದ ಮೈಯನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಬೇಕು.

5. ಸಮನಾಗಿ ಒತ್ತುವಂತೆ ಹಿಡಿಗಳಿಂದ, ಇಲ್ಲವೆ ಹಗ್ಗ ಮತ್ತು ಬೆಣೆಗಳಿಂದ ಬಿಗಿದು ಒಂದು ದಿನ ಬಿಡಬೇಕು.

6. ಆರಿದ ಮೇಲೆ ಖಾನೆಯನ್ನು ಕೂಡಿಸಿ ನೋಡುತ್ತ, ಮುಖಹಲಗೆ ನೇರವಾಗಿ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಹೆರೆದು ಮೇಣ ಹಚ್ಚಬೇಕು.

ಜಾರುಪಟ್ಟಿ ಮತ್ತು ಬದಿಹಲಗೆ ಎರಡೂ ಸವೆದಿದ್ದರೆ ಮೊದಲು ಜಾರುಪಟ್ಟಿಯನ್ನು ಸರಿಪಡಿಸಿ, ಆಮೇಲೆ ಬದಿಹಲಗೆಯ ಎತ್ತರವನ್ನು ಹೊಂದಿಸಬೇಕು. ಸವೆತ ತೋಡಿನವರೆಗೆ ಬಂದು ತಳಹಲಗೆಗೆ ಆಧಾರವೇ ಇಲ್ಲವಾಗಿದ್ದರೆ ಬದಿಹಲಗೆಯ ಒಳಮೈಗೆ ತೋಡುಳ್ಳ ಹೊಸ ಪಟ್ಟಿಯನ್ನು ಅಂಟಿಸಬೇಕಾಗುತ್ತದೆ. ಇದು ನುರಿತ ಬಡಿಗರ ಕೆಲಸ.

ಸೀಳಿದ ತಳ, ಸಡಿಲಾದ ಮೂಲೆ

ತಳಹಲಗೆಯು ಒಣಗಿ ಕುಗ್ಗಿದಾಗ ಮುಂದಿನ ತೋಡಿನಿಂದ ಜಾರಿ ಸಂದು ಬೀಳುತ್ತದೆ, ಕಾಗದಗಳು ಅಲ್ಲಿಂದ ಕೆಳಗಿನ ಖಾನೆಗೆ ಇಳಿಯುತ್ತವೆ. ಹಿಂಬದಿಯಲ್ಲಿ ತಳವನ್ನು ಹಿಡಿದ ಮೊಳೆ ಬಿಚ್ಚಿ, ಹಲಗೆಯನ್ನು ಮುಂದಕ್ಕೆ ತಳ್ಳಿ, ಹಿಂದೆ ಉಳಿದ ಜಾಗಕ್ಕೆ ಸಣ್ಣ ಪಟ್ಟಿ ಕೂಡಿಸಿದರೆ ಸಾಕು. ಸೀಳಿದ್ದರೆ ಹೊರತೆಗೆದು ಅಂಚುಗಳಿಗೆ ಅಂಟು ಹಾಕಿ ಕೂಡಿಸಬೇಕು, ಅಥವಾ ಸೀಳಿನ ಕೆಳಮೈಗೆ ದಪ್ಪ ಹತ್ತಿ ಬಟ್ಟೆಯ ಪಟ್ಟಿಯನ್ನು ಅಂಟಿನಿಂದ ಮೆತ್ತಬೇಕು. ಯಾವುದೇ ಕಾರಣಕ್ಕೂ ತಳಹಲಗೆಯನ್ನು ಸುತ್ತಲೂ ಅಂಟಿಸಿ ಬಿಗಿ ಮಾಡಬಾರದು. ಮುಂದಿನ ಬೇಸಿಗೆಯಲ್ಲಿ ಅದು ನಡುವೆ ಸೀಳುವುದು ಖಚಿತ.

ಮೂಲೆಯ ಹಲ್ಲುಗಳು ಸಡಿಲಾದಾಗ ಮೊಳೆ ಹೊಡೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮೊಳೆಯಿಂದ ಹಲ್ಲು ಸೀಳುತ್ತದೆ, ತುಕ್ಕಿನಿಂದ ಸುತ್ತಲ ಮರ ಕಪ್ಪಾಗುತ್ತದೆ. ಹಳೆಯ ಕಪಾಟುಗಳಲ್ಲಿ ಹೆಚ್ಚಾಗಿ ಪ್ರಾಣಿಜನ್ಯ ಸರೇಸು ಅಂಟು ಇರುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಜೋಡಣೆಯ ಮೇಲಿಟ್ಟರೆ ಅದು ಮೆದುವಾಗುತ್ತದೆ. ಆಗ ಮರದ ತುಂಡನ್ನು ಅಡ್ಡವಿಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿ ಬಿಡಿಸಿ, ಹಳೆಯ ಅಂಟನ್ನು ಪೂರ್ತಿ ತೊಳೆದು ಒಣಗಿಸಿ ಹೊಸದಾಗಿ ಅಂಟಿಸಬೇಕು. ಫೆವಿಕಾಲ್‌ನಂಥ ಬಿಳಿ ಅಂಟು ಹಳೆಯ ಅಂಟಿನ ಮೇಲೆ ಹಿಡಿಯುವುದಿಲ್ಲ, ಅದಕ್ಕೆ ಬರಿಯ ಮರ ಬೇಕು. ಸರೇಸನ್ನು ಬಳಸುವವರು ನೇರ ಉರಿಯ ಮೇಲೆ ಕಾಯಿಸದೆ, ನೀರಿನ ಪಾತ್ರೆಯೊಳಗಿಟ್ಟು ಸುಮಾರು 60 ಡಿಗ್ರಿ ಬಿಸಿಯಲ್ಲಿ ಕರಗಿಸುತ್ತಾರೆ. ಮುಂದಿನ ದುರಸ್ತಿಯಲ್ಲಿ ಅದನ್ನು ಮತ್ತೆ ಬಿಡಿಸಬಹುದೆಂಬುದು ಅದರ ದೊಡ್ಡ ಗುಣ.

ಗುಬ್ಬಿ ಮತ್ತು ಬೀಗ

ಗುಬ್ಬಿಯ ತಿರುಪುಮೊಳೆ ನಿಲ್ಲದಿದ್ದರೆ ಇನ್ನೂ ದಪ್ಪ ಮೊಳೆ ಹಾಕುವುದಕ್ಕಿಂತ, ತೂತಿಗೆ ಅಂಟು ಹಚ್ಚಿದ ಮರದ ಕಡ್ಡಿಗಳನ್ನು ತುಂಬಿ, ಒಣಗಿದ ಮೇಲೆ ಹಳೆಯ ಮೊಳೆಯನ್ನೇ ತಿರುಗಿಸುವುದು ಉತ್ತಮ. ಹಿತ್ತಾಳೆಯ ಗುಬ್ಬಿಯನ್ನು ಹುಣಸೆಹಣ್ಣಿನಿಂದ ತಿಕ್ಕುವವರು ಅದನ್ನು ಬಿಚ್ಚಿ ತಿಕ್ಕಬೇಕು. ಹುಳಿ ನೀರು ಮರಕ್ಕೆ ಇಳಿದರೆ ಕಲೆ ನಿಲ್ಲುತ್ತದೆ. ಬೀಗದೊಳಗೆ ಎಣ್ಣೆ ಸುರಿಯದೆ ಪೆನ್ಸಿಲ್ಲಿನ ಸೀಸದ ಪುಡಿ ಉದುರಿಸಿದರೆ ಬೀಗದ ಕೈ ಸಲೀಸಾಗಿ ತಿರುಗುತ್ತದೆ.

ಹುಳು ಮತ್ತು ಗೆದ್ದಲು

ಸಾಗವಾನಿಯ ಒಳತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಹೊರಗಿನ ಬಿಳಿಯ ಭಾಗಕ್ಕೆ ಆ ಶಕ್ತಿಯಿಲ್ಲ. ಬಡಿಗರು ತಳ ಮತ್ತು ಬೆನ್ನುಹಲಗೆಗಳಿಗೆ ಅಗ್ಗದ ಮರವನ್ನು ಹಾಕಿದ್ದರೆ ಹುಳು ಅಲ್ಲಿಂದಲೇ ಆರಂಭವಾಗುತ್ತದೆ. ಸೂಜಿತೂತುಗಳ ಕೆಳಗೆ ನುಣ್ಣನೆಯ ಹಿಟ್ಟು ಬಿದ್ದಿದ್ದರೆ ಕೊರೆಯುವ ಹುಳು ಜೀವಂತವಿದೆ ಎಂದರ್ಥ. ಮಣ್ಣಿನ ಕೊಳವೆ ಕಂಡರೆ ಅದು ಗೆದ್ದಲು. ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆಗೆ ತಾಗಿಸಿಟ್ಟ ಕಪಾಟಿನ ಬೆನ್ನಿಗೆ ಗೆದ್ದಲು ಏರುವುದು ಕಣ್ಣಿಗೆ ಬೀಳುವುದೇ ಇಲ್ಲ. ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು, ಕಾಲುಗಳ ಕೆಳಗೆ ಕಲ್ಲಿನ ತುಂಡು ಇಡುವುದರಿಂದ ತೇವವೂ ಏರದು, ಬೆನ್ನೂ ಕಾಣುತ್ತಿರುತ್ತದೆ.

ಕೊರೆಯುವ ಹುಳುವಿಗೆ ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಪಾಲಿಶ್ ಇಲ್ಲದ ಒಳಮೈಗಳಿಗೆ ಹಚ್ಚಬಹುದು. ಕೈಗವಸು ತೊಡಬೇಕು, ಮಕ್ಕಳಿಂದ ದೂರವಿಡಬೇಕು, ಆಹಾರ ಪದಾರ್ಥ ಇಡುವ ಖಾನೆಗೆ ಬಳಸಬಾರದು. ಗೆದ್ದಲು ನೆಲದಿಂದ ಬರುವುದರಿಂದ ಕಪಾಟಿಗೆ ಮಾತ್ರ ಔಷಧ ಹಚ್ಚಿದರೆ ಸಾಲದು, ಅದು ಬರುವ ದಾರಿಯನ್ನೇ ಮುಚ್ಚಬೇಕು. ಹುಳು ಸಾಯಲೆಂದು ಕಪಾಟನ್ನು ಏಪ್ರಿಲ್ ಬಿಸಿಲಿಗೆ ಇಟ್ಟರೆ ಹಲಗೆಗಳು ಸೀಳುತ್ತವೆ, ಜೋಡಣೆ ಬಿಡುತ್ತದೆ.

ಪಾಲಿಶ್

ಮರೆಯಾದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡಬೇಕು. ಮೆತ್ತಗಾಗಿ ಅಂಟಿದರೆ ಅದು ಅರಗಿನ ಪಾಲಿಶ್. ಅಂಥದನ್ನು ಪೂರ್ತಿ ಕೆರೆದು ತೆಗೆಯಬೇಕಾಗಿಲ್ಲ. ಹೊಸ ಅರಗಿನ ತೆಳು ಲೇಪ ಹಳೆಯದರೊಡನೆ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಈ ಕೆಲಸ ಮಾಡಿದರೆ ತೇವ ಸಿಕ್ಕಿ ಮೈಯೆಲ್ಲ ಬಿಳಿಚಿಕೊಳ್ಳುತ್ತದೆ. ಜಾರುಪಟ್ಟಿ ಮತ್ತು ಬದಿಹಲಗೆಗಳ ಜಾರುವ ಅಂಚಿಗೆ ಪಾಲಿಶ್ ಅಥವಾ ಬಣ್ಣ ಹಚ್ಚಬಾರದು. ಅಲ್ಲಿ ಮೇಣ ಮಾತ್ರ.

ವರ್ಷದ ನಿರ್ವಹಣೆ

ಯುಗಾದಿಯ ಮನೆ ಸ್ವಚ್ಛತೆಯ ವೇಳೆ: ಖಾನೆಗಳನ್ನು ಹೊರತೆಗೆದು ಧೂಳು ಒರೆಸಿ, ಹುಳುವಿನ ಹಿಟ್ಟು, ಸೀಳು ಇವೆಯೇ ನೋಡುವುದು.

ಕಾರಹುಣ್ಣಿಮೆಯ ಹೊತ್ತಿಗೆ, ಮಳೆ ಹಿಡಿಯುವ ಮುನ್ನ: ಎಲ್ಲ ಜಾರುವ ಅಂಚಿಗೆ ಮೇಣ, ಕಾಲುಗಳ ಮಟ್ಟದ ಪರೀಕ್ಷೆ, ಮಾಳಿಗೆ ಸೋರುವ ಜಾಗದಿಂದ ಕಪಾಟನ್ನು ಸರಿಸುವುದು.

ಶ್ರಾವಣ, ಭಾದ್ರಪದ: ರಂಧ ಮುಟ್ಟಬಾರದು, ಉಜ್ಜುವ ಜಾಗಕ್ಕೆ ಗುರುತು ಮಾತ್ರ. ಮುಖ್ಯ ದಾಖಲೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಸುಲಭವಾಗಿ ತೆರೆಯುವ ಖಾನೆಯಲ್ಲಿಡುವುದು.

ದೀಪಾವಳಿಯಿಂದ ಶಿವರಾತ್ರಿಯವರೆಗೆ: ಜಾರುಪಟ್ಟಿ, ಬದಿಹಲಗೆ, ಅಂಟು, ಪಾಲಿಶ್ ಎಲ್ಲ ದುರಸ್ತಿಗೂ ತಕ್ಕ ಕಾಲ.

ಬಡಿಗರಿಗೆ ಒಪ್ಪಿಸುವಾಗ

ಕೆಲಸ ಒಪ್ಪಿಸುವ ಮುನ್ನ ಮೂರು ಮಾತು ಸ್ಪಷ್ಟಪಡಿಸಬೇಕು. ಜೋಡಣೆಗೆ ಮೊಳೆ ಬೇಡ. ಹಳೆಯ ಮರವನ್ನು ಆದಷ್ಟು ಉಳಿಸಬೇಕು. ಹೊಸ ತುಂಡು ಅದೇ ಜಾತಿಯ ಒಣಮರದ್ದಾಗಿರಬೇಕು. ಲೋಹದ ಚಾನೆಲ್ ಹಾಕಿಬಿಡೋಣ ಎಂಬ ಸಲಹೆ ಇಂದು ಎಲ್ಲೆಡೆ ಬರುತ್ತದೆ. ಸಾಮಾನ್ಯ ಬಾಲ್‌ಬೇರಿಂಗ್ ಚಾನೆಲ್ಲಿಗೆ ಪ್ರತಿ ಬದಿಯಲ್ಲಿ ಸುಮಾರು 12.5 ಮಿ.ಮೀ. ಜಾಗ ಬೇಕು. ಹಳೆಯ ಖಾನೆಯನ್ನು ಅಷ್ಟು ಕತ್ತರಿಸಿ ಕಿರಿದಾಗಿಸಿದರೆ ಮೂಲೆಯ ಜೋಡಣೆಯೇ ಹೋಗುತ್ತದೆ, ಮರಳಿ ಮೊದಲಿನಂತೆ ಮಾಡಲಾಗದು.

ಒತ್ತುಹಲಗೆಯ ಕಪಾಟಿನಲ್ಲಿ ತಿರುಪುಮೊಳೆಯ ಹಿಡಿತ ಒಮ್ಮೆ ತಪ್ಪಿದರೆ ಮತ್ತೆ ಕೂಡಿಸುವುದು ಕಷ್ಟ, ನೀರು ತಾಗಿದರೆ ಅಂಚು ಉಬ್ಬಿ ಹಾಗೆಯೇ ಉಳಿಯುತ್ತದೆ. ಸಾಗವಾನಿಯ ಖಾನೆಗಾದರೆ ಒಂದು ಪಟ್ಟಿ, ಒಂದಿಷ್ಟು ಅಂಟು, ಒಂದು ಮೇಣದ ಬತ್ತಿ ಸಾಕು. ಮಾರುವ ನಿರ್ಧಾರಕ್ಕೆ ಮೊದಲು ಖಾನೆಯನ್ನು ಹೊರತೆಗೆದು, ತಲೆಕೆಳಗಾಗಿಸಿ, ಅದರ ಕೆಳ ಅಂಚನ್ನು ಒಮ್ಮೆ ನೋಡುವುದು ಒಳಿತು.